ಸ್ಟೀರಾಯ್ಡ್ ಚುಚ್ಚಿದ ತಕ್ಷಣ ಅಲರ್ಜಿ ಯಾಕೆ ಇಳಿಯುವುದಿಲ್ಲ?

ಪ್ರಶ್ನೆ: ಜೇನುಹುಳ ಕಚ್ಚಿ ನಮ್ಮ ಯಜಮಾನರ ಮುಖ ಊದಿಕೊಂಡಿತು, ಉಸಿರು ಕಟ್ಟಿತು. ಪರಿಚಯದ ಕಾಂಪೌಂಡರ್ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಾದರೂ ಇಳಿಯಲಿಲ್ಲ, ಆಸ್ಪತ್ರೆಗೆ ಓಡಿದೆವು. ಔಷಧಿ ನಕಲಿಯಾ?

ನಕಲಿ ಅಲ್ಲ. ಮೊದಲು ಕೊಡಬೇಕಾದ್ದನ್ನು ಕೊಡಲಿಲ್ಲ, ಅಷ್ಟೇ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಮಾಸ್ಟ್ ಕೋಶ ಅಂದರೆ ಚರ್ಮ, ಶ್ವಾಸನಾಳಗಳಲ್ಲಿರುವ ರಕ್ಷಣಾ ಕೋಶ. ಅದರೊಳಗೆ ಊತ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಮೊದಲೇ ತಯಾರಾಗಿ ಕಣಗಳಲ್ಲಿ ತುಂಬಿರುತ್ತದೆ. ಕೋಶದ ಮೇಲಿನ ಐಜಿಇ ಎಂಬ ಅಲರ್ಜಿ ಪ್ರತಿಕಾಯಕ್ಕೆ ಹುಳದ ವಿಷ ಅಂಟಿತೋ, ನಿಮಿಷಗಳಲ್ಲಿ ಎಲ್ಲಾ ಹೊರಗೆ. ಇದಕ್ಕೆ ಯಾವ ಜೀನೂ ಹೊಸದಾಗಿ ಆನ್ ಆಗಬೇಕಿಲ್ಲ. ಜೀನ್‌ಗಳ ಕೆಲಸ ಎರಡನೇ ಸುತ್ತಿನದು. ಅದೇ ಸಂಕೇತ ನ್ಯೂಕ್ಲಿಯಸ್‌ಗೆ ಮುಟ್ಟಿದಾಗ ಎನ್‌ಎಫ್‌-ಕಪ್ಪಾ-ಬಿ, ಎಪಿ-1, ಎನ್‌ಫ್ಯಾಟ್ ಎಂಬ, ಜೀನ್ ಆನ್-ಆಫ್ ಮಾಡುವ ಪ್ರೋಟೀನ್‌ಗಳು, ಅಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಡಿಎನ್‌ಎ ಮೇಲೆ ಕೂತು ಟಿಎನ್‌ಎಫ್, ಐಎಲ್-13 ಮುಂತಾದ ಉರಿಯೂತದ ಪ್ರೋಟೀನ್‌ಗಳ ಜೀನ್ ಆನ್ ಮಾಡುತ್ತವೆ, ಆಮೇಲೆ ಆರ್‌ಎನ್‌ಎ, ಆಮೇಲೆ ಪ್ರೋಟೀನ್, ಹೀಗೆ ಗಂಟೆಗಳು ಹಿಡಿಯುತ್ತವೆ. ಸ್ಟೀರಾಯ್ಡ್ ಮುಖ್ಯವಾಗಿ ಕೈ ಹಾಕುವುದು ಇಲ್ಲಿ. ಅದು ಅಂಟಿಕೊಳ್ಳುವ ಕೋಶದೊಳಗಿನ ಗ್ರಾಹಕವೇ (ರಿಸೆಪ್ಟರ್) ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ನ್ಯೂಕ್ಲಿಯಸ್‌ಗೆ ಹೋಗಿ ಎನ್‌ಎಫ್‌-ಕಪ್ಪಾ-ಬಿ ಮತ್ತು ಎಪಿ-1ರ ಕೈ ಕಟ್ಟುತ್ತದೆ. ಸರಕೆಲ್ಲ ಗೋದಾಮಿನಿಂದ ಹೊರಟ ಮೇಲೆ ಕಾರ್ಖಾನೆಗೆ ಬೀಗ ಹಾಕಿದರೆ ಏನು ಬಂತು?

ಉಸಿರು ಕಟ್ಟುತ್ತಿದ್ದರೆ ಮೊದಲು ಅಡ್ರಿನಲಿನ್ ಇಂಜೆಕ್ಷನ್. ತೊಡೆಯ ಹೊರಬದಿಯ ಸ್ನಾಯುವಿಗೆ, ತಡ ಮಾಡದೆ. ಅದು ಜೀನ್‌ಗೆ ಕಾಯುವುದಿಲ್ಲ, ರಕ್ತನಾಳ ಬಿಗಿ ಮಾಡಿ ಶ್ವಾಸನಾಳ ತೆರೆಸುತ್ತದೆ. ಸ್ಟೀರಾಯ್ಡ್ ಕೊಟ್ಟು "ಇನ್ನು ಭಯವಿಲ್ಲ" ಅನ್ನುವವರ ಮಾತು ನಂಬಿ ಮನೆಯಲ್ಲಿ ಕೂರಬೇಡಿ, ದಯವಿಟ್ಟು. ಯಜಮಾನರನ್ನು ಅಲರ್ಜಿ ತಜ್ಞರಿಗೆ ತೋರಿಸಿ, ಆರಾಮಾಗಿರುವಾಗ ರಕ್ತದಲ್ಲಿ ಟ್ರಿಪ್ಟೇಸ್ (ಮಾಸ್ಟ್ ಕೋಶ ಬಿಡುವ ಕಿಣ್ವ) ಎಷ್ಟಿದೆ ನೋಡಿಸಿ. ಅದು ಜಾಸ್ತಿ ಇದ್ದರೆ ಕಿಟ್ (KIT) ಎಂಬ ಜೀನ್‌ನ ದೋಷದಿಂದ ಮಾಸ್ಟ್ ಕೋಶಗಳೇ ಹೆಚ್ಚಾಗಿರಬಹುದು. ಅಂಥವರಿಗೆ ಹುಳದ ಕಡಿತ ತುಂಬಾ ಅಪಾಯ.

ಪ್ರಶ್ನೆ: ಮಾಸ್ಟ್ ಕೋಶ ಬೆಳೆಸುವ ಫ್ಯಾಕ್ಟರ್‌ಗಳನ್ನೇ ಬಂದ್ ಮಾಡಿದರೆ?

ಅಂಥ ಒಂದು ಫ್ಯಾಕ್ಟರ್ ಎಂಐಟಿಎಫ್. ಅದು ಕೆಟ್ಟ ಇಲಿಗಳಲ್ಲಿ ಮಾಸ್ಟ್ ಕೋಶ ತೀರಾ ಕಡಿಮೆ, ನಿಜ. ಆದರೆ ಮೈ ಬಿಳಿ, ಕಣ್ಣು ಚಿಕ್ಕದು, ಏಕೆಂದರೆ ಬಣ್ಣದ ಕೋಶಕ್ಕೂ ಅದೇ ಬೇಕು. ಇನ್ನೊಂದು ಫ್ಯಾಕ್ಟರ್ ಗಾಟಾ-2. ಅದು ಕೆಟ್ಟ ಮನುಷ್ಯರಿಗೆ ಪದೇ ಪದೇ ಸೋಂಕು, ರಕ್ತದ ಕ್ಯಾನ್ಸರ್ ಅಪಾಯ. ಆ ಆಸೆ ಬಿಡಿ.

ಪ್ರಶ್ನೆ: ಕೂದಲು ಕಳಿಸಿದರೆ ಅಲರ್ಜಿ ಪತ್ತೆ ಮಾಡುತ್ತಾರಂತೆ?

ಮೋಸ.

ಪ್ರಶ್ನೆ: ಕಷಾಯದಿಂದ ಮಾಸ್ಟ್ ಕೋಶ ಕ್ಲೀನ್ ಆಗುತ್ತದಾ?

ಇಲ್ಲ. ಅದನ್ನು ನಂಬಿ ಅಡ್ರಿನಲಿನ್ ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋಗಬೇಡಿ.