‘ಎರಡೇ ನಿಮಿಷ, ಒಂದ್ಸಲ ಓದಿ ಹೇಳೇ’

ಪ್ರಶ್ನೆ: ನಾನು ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಟ್ಯೂಟರ್. ಬಂದವರ ಜೊತೆ ಕೂತು, ಅವರ ಬರಹ ಎಲ್ಲಿ ಎಡವಿದೆ ಅಂತ ಮಾತಾಡುವುದು ಕೆಲಸ. ತೊಂದರೆ ಇರುವುದು ಉಳಿದ ಹೊತ್ತಿನಲ್ಲಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಫೈಲ್ ಬರುತ್ತದೆ, ‘ಎರಡೇ ನಿಮಿಷ, ಒಂದ್ಸಲ ಓದಿ ಹೇಳೇ’ ಅಂತ. ಈಚೆಗೆ ಸೆಂಟರ್‌ಗೆ ಬರುವ ಒಬ್ಬಳು ದುಡ್ಡು ಕೊಡ್ತೀನಿ ಅಂದಳು. ಇಲ್ಲ ಅಂದರೆ ಸ್ನೇಹ ಕೆಡುತ್ತದೇನೋ. ಏನು ಮಾಡಲಿ ಮೇಡಂ?
– ಹೆಸರು ಬೇಡ

ಉತ್ತರ: ಆ ‘ಎರಡು ನಿಮಿಷ’ ನನಗೂ ಗೊತ್ತು. ಓದುವಾಗ ನಾನೂ ಇದೇ ಕೆಲಸ ಮಾಡುತ್ತಿದ್ದೆ. ಒಂದು ರಾತ್ರಿ ಗೆಳತಿಯ ಪ್ರಬಂಧ ತೆರೆದೆ. ಮೊದಲು ಒಂದು ಅಲ್ಪವಿರಾಮ ಸರಿಮಾಡಿದೆ. ಆಮೇಲೆ ಒಂದು ವಾಕ್ಯ. ಆಮೇಲೆ, ಈ ಪ್ಯಾರಾ ಮೇಲಿದ್ದರೆ ಚೆಂದ ಅಲ್ವಾ ಅನ್ನಿಸಿತು. ಒಂದೂವರೆಗೆ ಮುಚ್ಚಿಡುವಾಗ ಮೊದಲ ಪುಟದಲ್ಲಿ ಅವಳದು ಅಂತ ಉಳಿದಿದ್ದು ತಲೆಬರಹ ಮಾತ್ರ. ಮುಂದಿನ ವಾರ ಮೇಷ್ಟ್ರು ಕ್ಲಾಸಿನಲ್ಲಿ ಅದರೊಳಗಿನ ಒಂದು ಪದದ ಅರ್ಥ ಕೇಳಿದರು. ಅವಳು ತಿರುಗಿ ನನ್ನ ಮುಖ ನೋಡಿದಳು.

ಸೆಂಟರ್‌ನಲ್ಲಾದರೆ ಪೆನ್ನು ಬರೆದವರ ಕೈಯಲ್ಲೇ ಇರುತ್ತದೆ. ಅವರೇ ಜೋರಾಗಿ ಓದುತ್ತಾರೆ, ಎಷ್ಟೋ ತಪ್ಪು ಅವರ ಕಿವಿಗೇ ಬೀಳುತ್ತವೆ. ಟೈಮ್ ಮುಗಿದರೆ ಏಳಲೇಬೇಕು. ಸುಧಾರಿಸಬೇಕಾದ್ದು ಬರೆಯುವವರನ್ನು, ಬರಹವನ್ನಲ್ಲ ಅಂತ ಅಮೆರಿಕದ ಇಂಗ್ಲಿಷ್ ಪ್ರಾಧ್ಯಾಪಕ ಸ್ಟೀಫನ್ ನಾರ್ತ್ 1984ರಲ್ಲೇ ಈ ಸೆಂಟರ್‌ಗಳ ಬಗ್ಗೆ ಬರೆದಿದ್ದರು. ರಾತ್ರಿ ಬಂದ ಫೈಲಿನ ಜೊತೆ ಬರೆದವಳು ಇರುವುದೇ ಇಲ್ಲ. ಮತ್ತೆ ಸುಧಾರಿಸುವುದು ಯಾರನ್ನ?

ಫೈಲ್ ತೆರೆಯಲೇಬೇಡಿ. ತೆರೆದ ಮೇಲೆ ಕೈ ಸುಮ್ನಿರಲ್ಲ. ‘ನಾನು ಸೆಂಟರ್‌ನಲ್ಲಿ ಮಾತ್ರ ನೋಡೋದು ಕಣೇ, ನಾಳೆ ಸ್ಲಾಟ್ ಬುಕ್ ಮಾಡು’ ಅಂದರೆ ಸಾಕು. ತಲೆನೋವು ಅಂತ ನೆಪ ಹೇಳಿದಿರೋ, ವಾಸಿಯಾಯ್ತಾ ಅಂತ ವಿಚಾರಿಸಿಕೊಂಡು ಮತ್ತೆ ಕಳಿಸುತ್ತಾರೆ! ಹಾಗಂತ ಬಾಯಿ ಕಟ್ಟಿಕೊಳ್ಳಬೇಕಿಲ್ಲ. ‘ನನ್ನ ವಾದ ಹೀಗಿದೆ, ಒಪ್ತೀಯಾ?’ ಅಂತ ಗೆಳತಿ ಕೇಳಿದರೆ ಧಾರಾಳವಾಗಿ ಜಗಳವಾಡಿ.

ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಜಾಸ್ತಿ ಬಿಗಿ. ಸೆಂಟರ್‌ಗೆ ಬರುವವಳಿಂದಲೇ ಹೊರಗೆ ದುಡ್ಡು ತಗೊಂಡರೆ, ಅಲ್ಲಿ ಅರ್ಧ ಹೇಳಿ ಇನ್ನರ್ಧ ಉಳಿಸಿಕೊಂಡಿರಾ ಅನ್ನುವ ಅನುಮಾನ ಹುಟ್ಟುತ್ತದೆ. ನಿಮಗೇ ಹುಟ್ಟಬಹುದು. ಬೇಡ ಅನ್ನಿ. ಕೋಆರ್ಡಿನೇಟರ್ ಕಿವಿಗೂ ನೀವೇ ಮೊದಲು ಹಾಕಿಬಿಡಿ.

ಸ್ನೇಹದ ಮಾತು ಕೇಳಿದಿರಲ್ಲ. ಮುಂದಿನ ಪ್ರಬಂಧಕ್ಕೆ ನಾನು ಒಲ್ಲೆ ಅಂದಾಗ ಗೆಳತಿ ಎರಡು ವಾರ ಮಾತು ಬಿಟ್ಟಳು. ಆಮೇಲೆ ಸೆಂಟರ್‌ಗೆ ಬಂದಳು, ಬೇರೆ ಟ್ಯೂಟರ್ ಹತ್ತಿರ. ಸುಳ್ಳು ಯಾಕೆ ಹೇಳಲಿ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.