ಪೆಸ್ಟ್ ಕಂಟ್ರೋಲ್ ಕೆಲಸ 6 ವರ್ಷದಿಂದ, ಕೊಲಿನೆಸ್ಟರೇಸ್ ನಾರ್ಮಲ್. ಬ್ಲಡ್ ಕ್ಯಾನ್ಸರ್ ಬರದಿರಲು ಯಾವ ಮಾಸ್ಕ್ ಕೊಳ್ಳಲಿ?

ಕೊಲಿನೆಸ್ಟರೇಸ್ ರಕ್ತ ಪರೀಕ್ಷೆಯ ರಿಪೋರ್ಟ್ ನಾರ್ಮಲ್ ಇದೆ, ಇನ್ನು ಮಾಸ್ಕ್ ಒಂದು ಸರಿಯಾದದ್ದು ಸಿಕ್ಕರೆ ಸಾಕು ಅನ್ನುವಂತಿದೆ ನಿಮ್ಮ ಪ್ರಶ್ನೆ. ಇದೇ ರಿಪೋರ್ಟ್ ನಂಬಿ ನಾನು ಏಳು ತಿಂಗಳು ಕಳೆದುಕೊಂಡೆ.

2006ರಿಂದ ಮುಂಬೈಯಲ್ಲಿ ಗೆದ್ದಲಿನ ಕೆಲಸ ನನ್ನದು. ಅಂಧೇರಿಯಿಂದ ಮುಲುಂಡ್ ತನಕ ಸೊಸೈಟಿಗಳ ಫ್ಲ್ಯಾಟ್‌ಗಳಲ್ಲಿ ಗೋಡೆಯಂಚಿಗೆ ಅಡಿಗೊಂದರಂತೆ 12 ಎಂ.ಎಂ. ತೂತು ಕೊರೆದು ಔಷಧ ತುಂಬುವುದು. ಕ್ಲೋರ್‌ಪೈರಿಫಾಸ್ 20 ಇ.ಸಿ. (ನೀರಿಗೆ ಬೆರೆಸುವ ಶೇಕಡಾ 20ರ ಗಟ್ಟಿ ಔಷಧ) ಒಂದು ಲೀಟರಿಗೆ 19 ಲೀಟರ್ ನೀರು. ಬೆರೆಸಿದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಮೊದಮೊದಲು ಲಿಂಡೇನ್ 20 ಇ.ಸಿ. ಕೂಡ ಬರುತ್ತಿತ್ತು, ಅದೂ ಹಾಗೇ ಬೆಳ್ಳಗೆ. ಊರಲ್ಲಿ ಹತ್ತಿಗೆ ಹೊಡೆಯುವಾಗ ಅನ್ನುವಂತೆ ಎರಡಕ್ಕೂ ನಾವು ಎಣ್ಣೆ ಅಂತಲೇ ಅನ್ನುತ್ತಿದ್ದೆವು.

2017ರಲ್ಲಿ ಕುತ್ತಿಗೆಯ ಎಡಕ್ಕೆ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಡಾಕ್ಟರು ಏನು ಕೆಲಸ ಅಂತ ಕೇಳಿದರು, ಪ್ರೈವೇಟ್ ಕಂಪನಿ ಅಂದೆ. ರಕ್ತ ಪರೀಕ್ಷೆ ಮಾಡಿಸೋಣವಾ ಅಂದರು. ತಿಂಗಳಿಗೊಮ್ಮೆ ಕಂಪನಿಯೇ ಮಾಡಿಸುತ್ತದೆ, ಎಲ್ಲಾ ನಾರ್ಮಲ್ ಅಂದೆ. ನನ್ನ ತಪ್ಪು ಇದೇ. ಮುಂಬೈಯಲ್ಲಿ ಕುತ್ತಿಗೆ ಗಂಟು ಅಂದರೆ ಮೊದಲು ನೆನಪಾಗುವುದು ಟಿ.ಬಿ. ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು) ಇಲ್ಲದೆ ಟಿ.ಬಿ. ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಔಷಧ ಹಿಡಿಯುತ್ತಿದೆ ಅಂದುಕೊಂಡೆ. ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ಗಂಟು ತೆಗೆದು ಪರೀಕ್ಷಿಸಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯಲ್ಲಿ ಶುರುವಾಗುವ ರಕ್ತದ ಕ್ಯಾನ್ಸರ್. 21 ದಿನಕ್ಕೊಂದರಂತೆ ಆರು ಕೀಮೋ.

ಆ ತಿಂಗಳ ರಿಪೋರ್ಟ್ ಏನು ಅಳೆಯುತ್ತದೆ ಅಂತ ತಿಳಿದುಕೊಳ್ಳಿ. ಆರ್ಗನೋಫಾಸ್ಫರಸ್ (ಕ್ಲೋರ್‌ಪೈರಿಫಾಸ್ ಇದೇ), ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೊಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಇತ್ತೀಚೆಗೆ ಅವು ಎಷ್ಟು ಮೈಗೆ ಹೋಗಿವೆ ಅನ್ನುವುದಷ್ಟೇ ಅದರಲ್ಲಿ ಗೊತ್ತಾಗುತ್ತದೆ. 1971ರ ಕೀಟನಾಶಕ ನಿಯಮಗಳು ಈ ಪರೀಕ್ಷೆ ತಿಂಗಳಿಗೊಮ್ಮೆ ಬೇಕು ಅನ್ನುವುದು ವಿಷವೇರುವುದನ್ನು ತಡೆಯಲಿಕ್ಕೆ, ಕ್ಯಾನ್ಸರ್ ಹಿಡಿಯಲಿಕ್ಕಲ್ಲ. ಲಿಂಡೇನ್ ಬೇರೆಯೇ ಗುಂಪು, ಆರ್ಗನೋಕ್ಲೋರಿನ್; ಆ ಕಿಣ್ವದ ತಂಟೆಗೇ ಹೋಗುವುದಿಲ್ಲ. ಇನ್ನೂ ಒಂದು: ಕೆಲಸಕ್ಕೆ ಸೇರುವ ಮೊದಲಿನ ನಿಮ್ಮ ಸ್ವಂತ ಮಟ್ಟ ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ ಈಗಿನ 'ನಾರ್ಮಲ್'ಗೂ ಅರ್ಥವಿಲ್ಲ. ಮೂರರಲ್ಲೊಂದು ಪಾಲು ಇಳಿದಿದ್ದರೂ ಲ್ಯಾಬಿನ ಮಿತಿಯೊಳಗೇ ಇರಬಹುದು.

ನನಗೆ ಲಿಂಡೇನ್‌ನಿಂದಲೇ ಬಂತು ಅಂತ ಯಾರೂ ಬರೆದುಕೊಡಲಾರರು. ಗಂಟಿನ ಮೇಲೆ ವಿಷದ ಹೆಸರು ಇರುವುದಿಲ್ಲ. ಆದರೆ ನಮ್ಮ ದೇಶದಲ್ಲಿ 2013ರಲ್ಲಿ ಅದರ ಬಳಕೆ ನಿಂತಿತು; 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಹಾಕಿತು, ಕಾರಣ ಲಿಂಫೋಮಾದ ಒಂದು ಬಗೆಯಾದ ನಾನ್-ಹಾಡ್ಜ್‌ಕಿನ್ ಲಿಂಫೋಮಾ. ಕೀಟನಾಶಕಗಳಾದ ಮಲಾಥಿಯಾನ್, ಡಯಾಜಿನಾನ್, ಕಳೆನಾಶಕ ಗ್ಲೈಫೋಸೇಟ್ ಅದೇ ವರ್ಷ 2ಎ, ಅಂದರೆ ಬಹುಶಃ ಕ್ಯಾನ್ಸರ್ ತರುವವುಗಳ ಗುಂಪು ಸೇರಿದವು. ಗ್ಲೈಫೋಸೇಟ್ ಬಗ್ಗೆ ಜಗಳ ಮುಗಿದಿಲ್ಲ: ಅಮೆರಿಕದಲ್ಲಿ 54 ಸಾವಿರಕ್ಕೂ ಹೆಚ್ಚು ಸಿಂಪಡಿಸುವವರನ್ನು ಗಮನಿಸಿದ ಅಧ್ಯಯನ 2018ರಲ್ಲಿ ಕ್ಯಾನ್ಸರ್ ಜೊತೆ ಸ್ಪಷ್ಟ ನಂಟು ಕಾಣಲಿಲ್ಲ. ಆದ್ದರಿಂದ 'ಪೆಸ್ಟಿಸೈಡ್' ಅಂದರೆ ಸಾಲದು, ಯಾವುದು ಅನ್ನುವುದು ಬೇಕು. ಡಬ್ಬಿಯ ಮೇಲಿನ ಹಸಿರು ತ್ರಿಕೋನವನ್ನೂ (ಕಡಿಮೆ ವಿಷ ಅನ್ನುವ ಗುರುತು) ನಂಬಬೇಡಿ. ಆ ಬಣ್ಣ ಹೇಳುವುದು ಒಮ್ಮೆಲೇ ಮೈಗೆ ಹೋದರೆ ಎಷ್ಟು ವಿಷ ಅನ್ನುವುದನ್ನು, ಹತ್ತು ವರ್ಷ ಮುಟ್ಟಿದರೆ ಏನಾಗುತ್ತದೆ ಅನ್ನುವುದನ್ನಲ್ಲ.

ಮಾಸ್ಕ್ ವಿಚಾರ: ಎನ್95 ಧೂಳು ತಡೆಯುತ್ತದೆ, ಆವಿಯನ್ನಲ್ಲ. ಕಂದು ಪಟ್ಟಿಯ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧ ಮುಖದ್ದು ಕೊಳ್ಳಿ, ಗಡ್ಡ ಇದ್ದರೆ ಅದೂ ಕೂರುವುದಿಲ್ಲ. ಆದರೆ ನಮ್ಮ ಕೆಲಸದಲ್ಲಿ ವಿಷ ಹೆಚ್ಚು ಒಳಗೆ ಹೋಗುವುದು ಚರ್ಮದಿಂದ. ಡಬ್ಬಿಯಿಂದ ಅಳೆಯುವಾಗ ಕೈಗೆ ಬಿದ್ದ ಒಂದು ಹನಿ, ಬೆರೆಸಿದ ಮೇಲಿನ ಇಪ್ಪತ್ತು ಹನಿಗೆ ಸಮ. ಅಳೆಯುವಾಗಲೇ ನೈಟ್ರೈಲ್ ಕೈಗವಸು ಬೇಕು, 0.38 ಎಂ.ಎಂ. ದಪ್ಪದ್ದು, ಒಳಗೆ ಬಟ್ಟೆ ಇಲ್ಲದ್ದು. ಆಸ್ಪತ್ರೆಯ ತೆಳುವಾದದ್ದು ಬೇಡ. ಪ್ಯಾಂಟ್ ಗಮ್‌ಬೂಟಿನ ಹೊರಗಿರಲಿ, ಒಳಗೆ ತುರುಕಿದರೆ ಹರಿದ ಔಷಧವೆಲ್ಲಾ ಪಾದದಲ್ಲಿ ನಿಲ್ಲುತ್ತದೆ. ಮೂತ್ರಕ್ಕೆ ಹೋಗುವ ಮೊದಲೇ ಸೋಪಿನಿಂದ ಕೈ ತೊಳೆಯಿರಿ. ಪ್ಯಾರಾಥಿಯಾನ್ ಅನ್ನುವ ಕೀಟನಾಶಕದ ಮೇಲೆ ನಡೆದ ಪರೀಕ್ಷೆಯಲ್ಲಿ ಮುಂಗೈ ಹೀರಿದ್ದಕ್ಕಿಂತ ವೃಷಣದ ಚರ್ಮ ಸುಮಾರು 12 ಪಟ್ಟು ಹೀರಿತ್ತು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಹಾಕಬೇಡಿ. ಬೇರೆಯಾಗಿ ಬಿಸಿನೀರಲ್ಲಿ ಒಗೆದು, ಆಮೇಲೆ ಮೆಷಿನ್ ಒಮ್ಮೆ ಖಾಲಿ ಓಡಿಸಿ. ಬೆರೆಸದ ಔಷಧ ಚೆಲ್ಲಿದ ಬಟ್ಟೆಯನ್ನು ಎಸೆದುಬಿಡಿ.

ವರ್ಷಕ್ಕೊಮ್ಮೆ ಸಿ.ಬಿ.ಸಿ. (ರಕ್ತಕಣಗಳ ಎಣಿಕೆ) ಮತ್ತು ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಬಿಳಿ ರಕ್ತಕಣದ ಒಂದು ಬಗೆಯಾದ ಲಿಂಫೋಸೈಟ್ ಮೈಕ್ರೋಲೀಟರಿಗೆ 5,000 ಮೀರಿ ಮೂರು ತಿಂಗಳು ಹಾಗೇ ಇದ್ದರೆ ರಕ್ತರೋಗ ತಜ್ಞರ ಹತ್ತಿರ ಹೋಗಿ. ಲಿಂಫೋಮಾದಲ್ಲಿ ಸಿ.ಬಿ.ಸಿ.ಯೂ ನಾರ್ಮಲ್ ಇರಬಹುದು, ನನ್ನದು ಇತ್ತು. ನಾಲ್ಕು ವಾರ ದಾಟಿದ ಗಂಟು, ರಾತ್ರಿ ಅಂಗಿ ಒದ್ದೆಯಾಗುವ ಬೆವರು, ಸುಮ್ಮನೆ ಇಳಿಯುವ ತೂಕ ಇದ್ದರೆ ಬಯಾಪ್ಸಿ ಕೇಳಿ ಪಡೆಯಿರಿ. ಸೂಜಿ ಚುಚ್ಚಿದ್ದು ಸಾಕಾಗದಿರಬಹುದು, ಇಡೀ ಗಂಟು ತೆಗೆಯಬೇಕಾಗುತ್ತದೆ.

ಪರೇಲ್‌ನಲ್ಲಿ ಯಾವ ರಾಸಾಯನಿಕ, ಎಷ್ಟು ವರ್ಷ ಅಂತ ಕೇಳಿದಾಗ ನನ್ನ ಬಾಯಲ್ಲಿ ಬಂದದ್ದು 'ಬಿಳಿ ಎಣ್ಣೆ' ಅಷ್ಟೇ. ನೀವು ಇವತ್ತೇ ಗೋದಾಮಿನ ಪ್ರತಿ ಡಬ್ಬಿಯ ಲೇಬಲ್ ಫೋಟೊ ತೆಗೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಮಾರ್ಚ್ 4, ಕ್ಲೋರ್‌ಪೈರಿಫಾಸ್ 20 ಇ.ಸಿ., 3 ಲೀಟರ್, ಐದು ಗಂಟೆ, ಎಡ ಮಣಿಕಟ್ಟಿನ ಮೇಲೆ ಚೆಲ್ಲಿತು, ತಕ್ಷಣ ತೊಳೆದೆ.