ಬೆಳ್ಳಿಯೋ ನಿಕ್ಕಲ್ಲೋ ಆಮೇಲೆ, ಮೊದಲು ಆ ಪ್ಲಾಟಿನಂ ತಂತಿ ತೆಗೀರಿ

ಕಾರ್ಬನ್ ಡೈಆಕ್ಸೈಡನ್ನು ಕರೆಂಟು ಹಾಯಿಸಿ ಕಾರ್ಬನ್ ಮಾನಾಕ್ಸೈಡ್ ಮಾಡುವ ನಿಮ್ಮ ಪ್ರಯೋಗದಲ್ಲಿ, ಬೆಳ್ಳಿ ನ್ಯಾನೋ ಪುಡಿ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಆದಾಗ ಮೊದಲ ಅರ್ಧ ಗಂಟೆ ಮಾನಾಕ್ಸೈಡ್ ಚೆನ್ನಾಗಿ ಬರುತ್ತೆ, ಎರಡು ಗಂಟೆಗೆ ಬರೀ ಹೈಡ್ರೋಜನ್, ಹಾಗಾಗಿ ನಿಕ್ಕಲ್-ನೈಟ್ರೋಜನ್-ಕಾರ್ಬನ್‌ಗೆ ಕ್ಯಾಟಲಿಸ್ಟ್ ಬದಲಿಸಿಕೊಂಡು ಹೋಗಲಾ ಅಂತ ಕೇಳಿದ್ದೀರಿ. ಹೋಗಬೇಡಿ. ದಾವಣಗೆರೆಯಲ್ಲಿ ಪ್ರಾಜೆಕ್ಟ್ ಮಾಡುವಾಗ ನನ್ನದೂ ಇದೇ ಗ್ರಾಫ್. ಮೂರು ಕ್ಯಾಟಲಿಸ್ಟ್ ಬದಲಿಸಿದೆ, ಗ್ರಾಫ್ ಮಾತ್ರ ಕದಲಲಿಲ್ಲ.

ತಪ್ಪು ಎದುರಿನ ಎಲೆಕ್ಟ್ರೋಡಿನಲ್ಲಿತ್ತು. ನೀವೂ ಒಂದೇ ಬೀಕರಿನಲ್ಲಿ ಪ್ಲಾಟಿನಂ ತಂತಿ ಇಟ್ಟಿದ್ದೀರಿ ಅಂತ ಬರೆದಿದ್ದೀರಲ್ಲ, ಅದೇ. ಆನೋಡ್ (ಪಾಸಿಟಿವ್ ತುದಿ) ಆಗಿ ನಿಂತ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗುತ್ತೆ. ಕರಗಿದ ಅಯಾನು ನೇರ ಬಂದು ನಿಮ್ಮ ಬೆಳ್ಳಿ ಮೇಲೆ ಕೂರುತ್ತೆ. ಹೈಡ್ರೋಜನ್ ಬಿಡಿಸೋದರಲ್ಲಿ ಪ್ಲಾಟಿನಂಗೆ ಸಾಟಿ ಇಲ್ಲ, ಹಾಗಾಗಿ ಚೂರು ಕೂತರೂ ಸಾಕು. ಸಾಲದ್ದಕ್ಕೆ, ತಯಾರಾದ ಮಾನಾಕ್ಸೈಡ್ ಅದೇ ತಂತಿಗೆ ತಗುಲಿ ಮತ್ತೆ ಡೈಆಕ್ಸೈಡ್ ಆಗಬಹುದು.

ಪರೀಕ್ಷೆ ಸುಲಭ. ಕುಸಿದ ಎಲೆಕ್ಟ್ರೋಡನ್ನು ತೊಳೆದು ಹೊಸ ದ್ರಾವಣಕ್ಕೆ ಹಾಕಿ. ಹೈಡ್ರೋಜನ್ನೇ ಬಂದರೆ ಕೊಳೆ ಮೇಲ್ಮೈಗೆ ಕೂತಿದೆ ಅಂತ ಅನುಮಾನಿಸಿ. ಎಕ್ಸ್‌ಪಿಎಸ್ (ಮೇಲ್ಮೈಯಲ್ಲಿರುವ ಧಾತುಗಳನ್ನು ಎಕ್ಸ್-ರೇಯಿಂದ ಗುರುತಿಸುವ ಯಂತ್ರ) ಸಿಕ್ಕರೆ ಪ್ಲಾಟಿನಂ ಹುಡುಕಿಸಿ.

ಸೆಲ್ ಎರಡು ಕೋಣೆಯದಾಗಲಿ, ನಡುವೆ ದ್ರಾವಣ ಬೆರೆಯದ ಹಾಗೆ ನೇಫಿಯಾನ್ 117 ಪೊರೆ. ಆನೋಡಿಗೆ ಇರಿಡಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಜಾಲರಿ. ಗ್ರಾಫೈಟ್ ಕಡ್ಡಿ ಅಗ್ಗ, ಆದರೆ ತಾನೇ ಸವೆದು ಕಾರ್ಬನ್ ಅನಿಲ ಬಿಡುತ್ತೆ, ಪೊರೆ ಇಲ್ಲದೆ ಇಡಲೇಬೇಡಿ.

ದ್ರಾವಣ 0.1 ಮೋಲಾರ್ ಪೊಟ್ಯಾಸಿಯಂ ಬೈಕಾರ್ಬೊನೇಟ್. ಡೈಆಕ್ಸೈಡ್ ಅನಿಲ ತುಂಬಿದ ಮೇಲೆ ಪಿಎಚ್ 6.8ರ ಆಸುಪಾಸು ಇರಬೇಕು. 8ರ ಮೇಲೆ ತೋರಿಸಿದರೆ ಅನಿಲ ಇನ್ನೂ ಕರಗಿಲ್ಲ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಲದು, 18.2 ಮೆಗಾಓಮ್ ತೋರಿಸುವ ಅತಿ ಶುದ್ಧ ನೀರೇ ಬೇಕು. ಒಳ್ಳೆ ಬೈಕಾರ್ಬೊನೇಟ್ ಉಪ್ಪಿನಲ್ಲೂ ಕಬ್ಬಿಣ, ಸೀಸ, ಸತು ಅಷ್ಟಿಷ್ಟು ಇದ್ದೇ ಇರುತ್ತೆ. ಅವೂ ಬೆಳ್ಳಿ ಮೇಲೆ ಕೂರದ ಹಾಗೆ, ಲೋಹದ ಅಯಾನು ಹಿಡಿಯುವ ಚೆಲೆಕ್ಸ್ ರಾಳದ ಜೊತೆ ಒಂದು ದಿನ ಕದಡಿ ಸೋಸಿ.

ಲೆಕ್ಕವನ್ನೂ ತಾಳೆ ನೋಡಿ. 10 ಮಿಲಿಆಂಪಿಯರ್ ಕರೆಂಟು, ನಿಮಿಷಕ್ಕೆ 20 ಮಿಲಿಲೀಟರ್ ಅನಿಲ ಇದ್ದಾಗ ಎಲ್ಲ ಎಲೆಕ್ಟ್ರಾನೂ ಮಾನಾಕ್ಸೈಡಿಗೇ ಹೋದರೂ ಜಿಸಿಯಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್) 3,800 ಪಿಪಿಎಂ ದಾಟಬಾರದು. ನಿಮ್ಮ ಜಿಸಿ 6,000 ತೋರಿಸಿದರೆ ಕ್ಯಾಲಿಬ್ರೇಶನ್ನೋ ಫ್ಲೋಮೀಟರ್ರೋ ಸುಳ್ಳು ಹೇಳ್ತಿದೆ. ಡೈಆಕ್ಸೈಡ್ ಬದಲು ಆರ್ಗಾನ್ ಹಾಯಿಸಿ ಒಂದು ಖಾಲಿ ಓಟ ಓಡಿಸಿ. ಆಗಲೂ ಮಾನಾಕ್ಸೈಡ್ ಬಂದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ.

ನಿಕ್ಕಲ್ ಕೆಟ್ಟದ್ದಲ್ಲ. ನಾಲ್ಕು ನೈಟ್ರೋಜನ್ ನಡುವೆ ಒಂಟಿಯಾಗಿ ಕೂತ ನಿಕ್ಕಲ್ ಮಾನಾಕ್ಸೈಡನ್ನು ಬಿಟ್ಟುಕೊಡುತ್ತೆ, ಗುಂಪುಗಟ್ಟಿದ ಲೋಹದ ಕಣ ಹಿಡಿದಿಟ್ಟುಕೊಂಡು ಹೈಡ್ರೋಜನ್ ಮಾಡುತ್ತೆ. ಹಾಗಾಗಿ ಸುಟ್ಟು ತಯಾರಿಸಿದ ನಿಕ್ಕಲ್ ಪುಡಿಯನ್ನು 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 80 ಡಿಗ್ರಿಗೆ ರಾತ್ರಿಯಿಡೀ ಇಟ್ಟು ಕಣ ತೆಗೆಯಬೇಕಾಗುತ್ತೆ. ತಂತಿ ಬದಲಿಸದೆ ಇದನ್ನೆಲ್ಲ ಮಾಡಿದರೆ ಮತ್ತೆ ಅದೇ ಗ್ರಾಫ್.

ಜಿಸಿಯಿಂದ ಹೊರಬರುವ ಕೊಳವೆ ಫ್ಯೂಮ್ ಹುಡ್ ಒಳಗೇ ಇರಲಿ. ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೆಯೂ ಇಲ್ಲ.